ಆರು ಸಲ ಗೆದ್ದ ಶಾಸಕರ ಬಗ್ಗೆ ಬರೆಯುವಾಗ ಏನು ನೋಡಬೇಕು?

ಓದುಗರ ಪ್ರಶ್ನೆ: ನಮ್ಮ ಕ್ಷೇತ್ರದ ಶಾಸಕರು ಆರು ಸಲ ಗೆದ್ದವರು, ನಡುವೆ ಒಮ್ಮೆ ಸೋತವರು. ಅವರ ಬಗ್ಗೆ ಅಭಿನಂದನ ಗ್ರಂಥ ಬರುತ್ತಿದೆ. ‘ಶಾಸಕರಾಗಿ ಸಾಧನೆ’ ಅನ್ನುವ ಲೇಖನ ನನ್ನ ಪಾಲಿಗೆ ಬಿದ್ದಿದೆ. ನಾನು ಹೈಸ್ಕೂಲ್ ಮೇಷ್ಟ್ರು. ಕೈಗೆ ಸಿಕ್ಕಿದ್ದೆಲ್ಲ ಚುನಾವಣೆ ಕರಪತ್ರಗಳೇ. ಊರಲ್ಲಿ ಅರ್ಧ ಜನ ‘ಅಭಿವೃದ್ಧಿಯ ಹರಿಕಾರ’ ಅಂತಾರೆ, ಇನ್ನರ್ಧ ‘ಇಷ್ಟು ವರ್ಷ ಇದ್ದು ಮಾಡಿದ್ದೇನು’ ಅಂತಾರೆ. ನ್ಯಾಯವಾಗಿ ಬರೆಯುವುದು ಹೇಗೆ? ಯಾವ ದಾಖಲೆ ನೋಡಬೇಕು?

ಉತ್ತರ: ನೀವು ಶಾಸಕರ ಹೆಸರು ಬರೆಯದೇ ಇದ್ದದ್ದು ಒಳ್ಳೆಯದಾಯಿತು. ಯಾರಾದರೂ ಸರಿ, ನೋಡುವ ಕ್ರಮ ಒಂದೇ.

ಮೊದಲು ಆ ‘ಆರು ಸಲ’ ಅನ್ನುವುದನ್ನೇ ಬಿಚ್ಚಿ ನೋಡಿ. ಒಂದು ಸಲ ಅಂದರೆ ಐದು ವರ್ಷ ಅಂತ ನಾವು ಸುಮ್ನೆ ಲೆಕ್ಕ ಹಾಕಿಬಿಡುತ್ತೇವೆ. ಕರ್ನಾಟಕದಲ್ಲಿ ಹಾಗೆ ನಡೆದೇ ಇಲ್ಲ. 1983ರಲ್ಲಿ ಗೆದ್ದವರು ಎರಡೇ ವರ್ಷಕ್ಕೆ ಮತ್ತೆ ಮತ ಕೇಳಬೇಕಾಯಿತು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ನೆಲ ಕಚ್ಚಿತು. ಆ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು 1985ರಲ್ಲಿ ಹೊಸದಾಗಿ ಜನರ ಮುಂದೆ ಹೋದರು. 1985ರಲ್ಲಿ ಬಂದ ಸಭೆಯೂ 1989ರಲ್ಲಿ ಅವಧಿಗೆ ಮುಂಚೆ ಹೋಯಿತು. 2004ರ ಸಭೆ 2007ರ ಕೊನೆಯಲ್ಲಿ ವಿಸರ್ಜನೆ ಆಯಿತು. ಹಾಗಾಗಿ 1978, 1983, 1985 ಅಂತ ಮೂರು ಸಲ ಗೆದ್ದವರಿಗೆ ಮೊದಲ ಗೆಲುವಿನಿಂದ ಮೂರನೆಯದಕ್ಕೆ ಏಳು ವರ್ಷ. 2013, 2018, 2023ರಲ್ಲಿ ಗೆದ್ದವರಿಗೆ ಹತ್ತು.

ಉಪಚುನಾವಣೆಗಳೂ ಈ ಎಣಿಕೆಯಲ್ಲಿ ಸೇರುತ್ತವೆ. ಹುಕ್ಕೇರಿಯ ಉಮೇಶ ಕತ್ತಿಯವರನ್ನು ಎಂಟು ಸಲದ ಶಾಸಕರು ಅನ್ನುತ್ತಾರೆ, ಅದು ಸರಿಯೇ. ಆದರೆ ಅದರಲ್ಲಿ ಎರಡು ಉಪಚುನಾವಣೆ. ತಂದೆ ವಿಶ್ವನಾಥ ಕತ್ತಿಯವರು ತೀರಿಕೊಂಡ ಮೇಲೆ 1985ರಲ್ಲಿ ಬಂದದ್ದು ಒಂದು. 2008ರ ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ವರ್ಷದ ಕೊನೆಗೆ ಬಿಜೆಪಿಯಿಂದ ಮತ್ತೆ ಗೆದ್ದದ್ದು ಇನ್ನೊಂದು. ಒಂದೇ ವರ್ಷದಲ್ಲಿ ಎರಡು ಗೆಲುವು! ಇದರಲ್ಲಿ ಮೋಸ ಏನೂ ಇಲ್ಲ. ಆದರೆ ಓದುಗರಿಗೆ ಗೊತ್ತಿರಬೇಕು, ಅಲ್ವಾ? ಹಾಗಾಗಿ ಲೇಖನದಲ್ಲಿ ‘ಆರು ಸಲ’ದ ಜೊತೆ ಇಸವಿಗಳನ್ನೂ ಹಾಕಿ. ಇಸವಿ ಹಾಕಿದ ಕೂಡಲೇ ಅರ್ಧ ಕತೆ ತಾನಾಗಿಯೇ ಕಾಣುತ್ತದೆ.

ಇನ್ನು ನನ್ನ ಮುಖ್ಯ ಮಾತು. ಒಬ್ಬ ಹಳೆಯ ಶಾಸಕರನ್ನು ಅಳೆಯುವುದಕ್ಕೆ ಅವರು ಮಂತ್ರಿಯಾಗಿದ್ದ ವರ್ಷಗಳನ್ನು ಮೊದಲು ನೋಡಬೇಡಿ. ವಿರೋಧ ಪಕ್ಷದ ಬೆಂಚಿನಲ್ಲಿ ಕೂತ ವರ್ಷಗಳನ್ನು ನೋಡಿ.

ಯಾಕೆ ಅಂದರೆ, 1985ರ ನಂತರ ಕರ್ನಾಟಕದಲ್ಲಿ ಅಧಿಕಾರದಲ್ಲಿದ್ದ ಪಕ್ಷ ಚುನಾವಣೆ ಗೆದ್ದು ವಾಪಸ್ ಬಂದೇ ಇಲ್ಲ. 1989ರಲ್ಲಿ ಕಾಂಗ್ರೆಸ್, 1994ರಲ್ಲಿ ಜನತಾದಳ, 1999ರಲ್ಲಿ ಮತ್ತೆ ಕಾಂಗ್ರೆಸ್. 2004ರಲ್ಲಿ ಯಾರಿಗೂ ಬಹುಮತ ಇಲ್ಲ. 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಮತ್ತೆ ಅತಂತ್ರ, 2023ರಲ್ಲಿ ಕಾಂಗ್ರೆಸ್. ಇಂಥ ರಾಜ್ಯದಲ್ಲಿ ಒಬ್ಬರು ಆರೇಳು ಸಲ ಗೆಲ್ಲುತ್ತಾ ಬಂದಿದ್ದಾರೆ ಅಂದರೆ, ಅಲೆ ಎದುರಿಗಿದ್ದಾಗಲೂ ಗೆದ್ದಿದ್ದಾರೆ ಅಂತ ಅರ್ಥ. ಇಲ್ಲವೇ ಅಲೆ ಬಂದ ಕಡೆಗೆ ಪಕ್ಷ ಬದಲಿಸಿದ್ದಾರೆ ಅಂತ ಅರ್ಥ. ನಿಮ್ಮವರು ಇವೆರಡರಲ್ಲಿ ಯಾವುದು ಅನ್ನುವುದು ಲೇಖನದ ಬೆನ್ನೆಲುಬು.

ಮಲ್ಲಿಕಾರ್ಜುನ ಖರ್ಗೆಯವರನ್ನು ತಗೊಳ್ಳಿ. 1972ರಿಂದ 2004ರವರೆಗೆ ಗುರುಮಠಕಲ್‌ನಲ್ಲಿ ಸತತ ಎಂಟು ಗೆಲುವು, 2008ರಲ್ಲಿ ಚಿತ್ತಾಪುರದಲ್ಲಿ ಒಂಬತ್ತನೆಯದು. ಅದಕ್ಕೇ ‘ಸೋಲಿಲ್ಲದ ಸರದಾರ’ ಅಂತ ಹೆಸರು ಬಂತು. 2009ರಲ್ಲಿ ಲೋಕಸಭೆಗೆ ಹೋಗುವವರೆಗೆ ಒಟ್ಟು 37 ವರ್ಷ ವಿಧಾನಸಭೆಯಲ್ಲಿದ್ದರು. ಈ 37ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಾಂಗ್ರೆಸ್ ಅಧಿಕಾರದಲ್ಲಿ ಇರಲಿಲ್ಲ. ಹೆಗಡೆ ಕಾಲ, ದೇವೇಗೌಡ–ಜೆ.ಎಚ್. ಪಟೇಲ್ ಕಾಲ, 2006ರ ನಂತರದ ಕಾಲ. ಅಷ್ಟೂ ಹೊತ್ತು ಒಂದೇ ಪಕ್ಷದಲ್ಲಿ ಉಳಿದು ಕ್ಷೇತ್ರವನ್ನೂ ಉಳಿಸಿಕೊಂಡರು. ಎರಡು ಸಲ ವಿರೋಧ ಪಕ್ಷದ ನಾಯಕರೂ ಆದರು. ಮುಖ್ಯಮಂತ್ರಿ ಆಗಲಿಲ್ಲ ಅನ್ನುವ ಮಾತನ್ನು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ 1983 ಮತ್ತು 1994ರ ಗೆಲುವುಗಳು ದೊಡ್ಡದಾಗಿ ಕಾಣುತ್ತವೆ. ಕಾಂಗ್ರೆಸ್ ರಾಜ್ಯದಲ್ಲಿ ಮಲಗಿದ ವರ್ಷಗಳು ಅವು.

ಎಚ್.ಡಿ. ದೇವೇಗೌಡರದ್ದು ಇನ್ನೊಂದು ಬಗೆ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಬಂದವರು. ದೇವರಾಜ ಅರಸು ಪೂರ್ಣ ಬಹುಮತದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಎದುರು ಬೆಂಚಿನಲ್ಲಿ ನಾಯಕರಾಗಿ ಕೂತರು. ನೀರಾವರಿ ಬಗ್ಗೆ ಅವರು ಸದನದಲ್ಲಿ ಅಂಕಿ ಅಂಶ ಇಟ್ಟುಕೊಂಡು ಮಾತಾಡುವುದನ್ನು ರೂಢಿ ಮಾಡಿಕೊಂಡದ್ದು ಆ ವರ್ಷಗಳಲ್ಲಿ. ಸತತವಾಗಿ ಗೆದ್ದು 1989ರಲ್ಲಿ ಸೋತರು. 1994ರಲ್ಲಿ ರಾಮನಗರದಿಂದ ಬಂದು ಮುಖ್ಯಮಂತ್ರಿ, 1996ರಲ್ಲಿ ಪ್ರಧಾನಿ.

ಸರಿ, ಎದುರು ಪಕ್ಷದ ಸರ್ಕಾರ ಇದ್ದಾಗ ಒಬ್ಬ ಶಾಸಕರ ಕೈಯಲ್ಲಿ ಏನಿರುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕೆಂದರೆ ಅಭಿನಂದನ ಗ್ರಂಥಗಳು ಈ ಭಾಗಕ್ಕೆ ಕೈ ಹಾಕುವುದೇ ಇಲ್ಲ.

ಶಾಸಕರ ನಿಜವಾದ ಶಕ್ತಿ ಇರುವುದು ವಿಧಾನಸೌಧದಲ್ಲಿ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ತಾಲ್ಲೂಕು ಕಚೇರಿಯಲ್ಲಿದೆ. ಬಗರ್ ಹುಕುಂ ಸಮಿತಿಯನ್ನೇ ನೋಡಿ. ಸರ್ಕಾರಿ ಜಮೀನಿನಲ್ಲಿ ಪರವಾನಗಿ ಇಲ್ಲದೆ ಉಳುತ್ತಾ ಬಂದವರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಸಕ್ರಮಕ್ಕೆ ಕಾದಿರುತ್ತಾರೆ. ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ. ಯಾರ ಅರ್ಜಿ ಮೇಲೆ ಬರಬೇಕು, ಯಾವುದು ಕೆಳಗೆ ಉಳಿಯಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಒಂದು ಮನೆಗೆ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದ ಪತ್ರ, ಸಿಕ್ಕರೆ ಆ ಮನೆಯ ಎರಡು ತಲೆಮಾರು ಮರೆಯುವುದಿಲ್ಲ. ಸಿಗದಿದ್ದರೂ ಮರೆಯುವುದಿಲ್ಲ. ಮನೆ, ನಿವೇಶನ ಹಂಚುವ ಆಶ್ರಯ ಸಮಿತಿಯೂ ಹಾಗೆಯೇ. ತಾಲ್ಲೂಕು ಮಟ್ಟದ ಕೆಡಿಪಿ ಸಭೆಯಲ್ಲಿ, ಅಂದರೆ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆಯಲ್ಲಿ, ಎಲ್ಲ ಇಲಾಖೆ ಅಧಿಕಾರಿಗಳು ಶಾಸಕರ ಮುಂದೆ ಕೂತು ಲೆಕ್ಕ ಒಪ್ಪಿಸಬೇಕು. ಇದರ ಮೇಲೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ ರೂಪಾಯಿ. ಕೇಳುವುದಕ್ಕೆ ದೊಡ್ಡ ಮೊತ್ತ. ಆದರೆ ನೂರಾರು ಹಳ್ಳಿ ಇರುವ ಕ್ಷೇತ್ರದಲ್ಲಿ ಒಂದೊಂದು ಸಮುದಾಯ ಭವನ, ಒಂದಿಷ್ಟು ಸಿಮೆಂಟ್ ರಸ್ತೆ ಅಂದರೆ ಮುಗಿಯಿತು.

ಈ ಸಮಿತಿಗಳಲ್ಲಿ ಬಹುಪಾಲಿಗೆ ಶಾಸಕರ ಪಕ್ಷ ಯಾವುದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸರ್ಕಾರ ಯಾರದ್ದೇ ಇರಲಿ, ಜಾಣ ಶಾಸಕರು ತಾಲ್ಲೂಕಿನ ಹಿಡಿತ ಬಿಡುವುದಿಲ್ಲ. ಬಗರ್ ಹುಕುಂ ಸಭೆಯ ನಡವಳಿ, ಕೆಡಿಪಿ ಸಭೆಯ ನಡವಳಿ ಎರಡೂ ಮಾಹಿತಿ ಹಕ್ಕಿನಲ್ಲಿ ಸಿಗುತ್ತವೆ. ವಿರೋಧ ಪಕ್ಷದಲ್ಲಿದ್ದ ಅವಧಿಯಲ್ಲಿ ಸಭೆ ಎಷ್ಟು ಸಲ ಕರೆದರು, ಎಷ್ಟು ಅರ್ಜಿ ಇತ್ಯರ್ಥ ಆದವು, ತಿರಸ್ಕಾರ ಆದದ್ದೆಷ್ಟು, ಫಲಾನುಭವಿಗಳು ಯಾವ ಊರುಗಳವರು ಅಂತ ನೋಡಿ. ಮತ ಬೀಳದ ಊರಿಗೂ ಚೀಟಿ ಹೋಗಿದೆಯಾ? ಹೋಗಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಬೂತ್‌ವಾರು ಮತದ ಲೆಕ್ಕ ಚುನಾವಣಾ ಆಯೋಗದ ದಾಖಲೆಯಲ್ಲಿ ಇರುವುದರಿಂದ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು ಸಾಧ್ಯ. ಸ್ವಲ್ಪ ತ್ರಾಸದ ಕೆಲಸ, ಆದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಇದಕ್ಕೇ ಸೇರಿದ ಒಂದು ಮಾತು. ನಮ್ಮ ಶಾಸಕರು, ಪಕ್ಷ ಯಾವುದೇ ಇರಲಿ, ಕೆಳಗಿನ ಪಂಚಾಯಿತಿಗಳು ಬಲವಾಗುವುದನ್ನು ಖುಷಿಯಿಂದ ನೋಡಿದವರಲ್ಲ. ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಮಂತ್ರಿ ‘ನೀರ್ ಸಾಬ್’ ಅಬ್ದುಲ್ ನಜೀರ್ ಸಾಬ್ ತಂದ ಕಾನೂನಿನ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್‌ಗಳು ಬಂದವು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಆಗ ಅನೇಕ ಶಾಸಕರಿಗೆ ತಮ್ಮ ಕುರ್ಚಿ ಚಿಕ್ಕದಾದ ಹಾಗೆ ಅನಿಸಿತು. ಈಚಿನ ಕತೆ ಉಲ್ಟಾ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಖಾಲಿ ಜಾಗವನ್ನು ತುಂಬಿದವರು ಯಾರು? ನಿಮ್ಮ ಶಾಸಕರು ‘ಚುನಾವಣೆ ಮಾಡಿ’ ಅಂತ ಸದನದಲ್ಲಿ ಒಂದು ಸಲವಾದರೂ ಕೇಳಿದ್ದಾರಾ ಹುಡುಕಿ.

ಸದನ ಅಂದ ಮೇಲೆ, ನಡವಳಿಗಳಿಗೆ ಬರೋಣ. ಹಳೆಯ ನಡವಳಿಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ. ವಿಧಾನಸೌಧದ ಗ್ರಂಥಾಲಯದಲ್ಲಿ ಸಂಪುಟಗಳೂ ಇವೆ. ಹುಡುಕುವಾಗ ಎರಡು ವಿಷಯ ತಲೆಯಲ್ಲಿರಲಿ. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಸಭಾಧ್ಯಕ್ಷರೂ ಕೇಳುವುದಿಲ್ಲ. ಹಾಗಾಗಿ ಆ ವರ್ಷಗಳಲ್ಲಿ ಹೆಸರು ಕಾಣದಿದ್ದರೆ ‘ಸದನದಲ್ಲಿ ಬಾಯಿ ಬಿಡಲಿಲ್ಲ’ ಅಂತ ಬರೆದುಬಿಡಬೇಡಿ. ಇನ್ನೊಂದು, ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನದ್ದಕ್ಕೆ ಮಂತ್ರಿ ಎದ್ದು ನಿಂತು ಬಾಯಿಮಾತಲ್ಲಿ ಉತ್ತರ ಕೊಡಬೇಕು, ಉಪಪ್ರಶ್ನೆ ಹಾಕಿ ಕಾಡಬಹುದು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ, ಅಷ್ಟೇ. ಒಬ್ಬ ಶಾಸಕರ ಹೆಸರಲ್ಲಿ ನೂರಾರು ಚುಕ್ಕೆ ಇಲ್ಲದ ಪ್ರಶ್ನೆಗಳು ಇರಬಹುದು. ಅದರಲ್ಲಿ ಬಹಳಷ್ಟನ್ನು ಆಪ್ತ ಸಹಾಯಕರೇ ಬರೆದಿರುತ್ತಾರೆ. ಎಣಿಕೆಗೆ ಮರುಳಾಗಬೇಡಿ. ಉಪಪ್ರಶ್ನೆ ಹಾಕಿದ್ದಾರಾ, ಉತ್ತರ ಹಾರಿಕೆಯದ್ದಾಗಿದ್ದಾಗ ಬಿಟ್ಟರಾ ಹಿಡಿದರಾ, ಅದನ್ನು ನೋಡಿ.

ಆಮೇಲೆ ಯಾರೂ ತೆರೆಯದ ಇನ್ನೊಂದು ಕಡತ ಇದೆ. ಸರ್ಕಾರಿ ಭರವಸೆಗಳ ಸಮಿತಿಯದ್ದು. ಮಂತ್ರಿಗಳು ಸದನದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಅಂದರೆ ಅದು ಭರವಸೆಯಾಗಿ ದಾಖಲಾಗಬಹುದು, ಈಡೇರಿತಾ ಇಲ್ಲವಾ ಅಂತ ಸಮಿತಿ ಬೆನ್ನು ಹತ್ತುತ್ತದೆ. ವಿರೋಧ ಪಕ್ಷದ ಒಬ್ಬ ಶಾಸಕ ತನ್ನ ಕ್ಷೇತ್ರದ ಸೇತುವೆಗೋ ಕಾಲೇಜಿಗೋ ಮಂತ್ರಿಯಿಂದ ಮಾತು ತಗೊಂಡು, ಸಮಿತಿಯ ಮೂಲಕ ಹಿಂಡಿ ಕೆಲಸ ಮಾಡಿಸಿದ್ದರೆ ಅದು ಗುದ್ದಲಿ ಪೂಜೆಯ ಫೋಟೋಗಿಂತ ಗಟ್ಟಿ ಸಾಧನೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಇದ್ದರಾ ಅಂತಲೂ ನೋಡಿ. ಅದರ ಅಧ್ಯಕ್ಷ ಸ್ಥಾನ ರೂಢಿಯಂತೆ ವಿರೋಧ ಪಕ್ಷಕ್ಕೆ ಹೋಗುತ್ತದೆ. ಮಹಾಲೇಖಪಾಲರ (ಸಿಎಜಿ) ವರದಿ ಹಿಡಿದು ಅಧಿಕಾರಿಗಳನ್ನು ಕೂರಿಸಿ ಕೇಳುವ ಜಾಗ ಅದು. ಹೆಸರು ಪತ್ರಿಕೆಯಲ್ಲಿ ಬರುವುದು ಕಡಿಮೆ, ಓದುವುದು ಜಾಸ್ತಿ. ಅಲ್ಲಿಗೆ ತಾವಾಗಿ ಕೇಳಿಕೊಂಡು ಹೋಗುವ ಶಾಸಕರು ಬೇರೆ ತರಹದವರು.

ಸದನದ ಮಾತಿಗೆ ತೂಕ ಬರುವುದಕ್ಕೆ ಬಹಳ ಸಲ ಗೆಲ್ಲಲೇಬೇಕು ಅಂತ ಏನಿಲ್ಲ. ಶಾಂತವೇರಿ ಗೋಪಾಲಗೌಡರು ಗೆದ್ದದ್ದು ಮೂರೇ ಸಲ: 1952, 1962, 1967. 1957ರಲ್ಲಿ ಸೋತರು. ಗೇಣಿ ರೈತರ ಕಾಗೋಡು ಸತ್ಯಾಗ್ರಹದಿಂದ ಬಂದ ಮನುಷ್ಯ. ಗೇಣಿದಾರರ ಪರವಾಗಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡುವ ಪರವಾಗಿ ಸದನದಲ್ಲಿ ಹಟ ಹಿಡಿದು ಮಾತಾಡಿದರು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಎರಡನ್ನೂ ನೋಡಲು ಅವರು ಇರಲಿಲ್ಲ. 1972ರಲ್ಲೇ ತೀರಿಕೊಂಡಿದ್ದರು. ಇನ್ನೊಂದು ತುದಿಯಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ, ಏಳು ಸಲದ ಶಾಸಕಿ. 1972ರಲ್ಲಿ ರಾಜ್ಯದ ಮೊದಲ ಮಹಿಳಾ ಸಭಾಧ್ಯಕ್ಷರಾದರು. ಇವತ್ತಿಗೂ ಆ ಪೀಠದಲ್ಲಿ ಕೂತ ಇನ್ನೊಬ್ಬ ಮಹಿಳೆ ಇಲ್ಲ. ಏಳು ಸಲ ಗೆದ್ದ ಗಂಡಸರ ಪಟ್ಟಿ ಹೇಳುವವರಿಗೆ ಇವರ ಹೆಸರು ಬಾಯಿಗೆ ಬರುವುದಿಲ್ಲ, ಅದು ನನಗೆ ಯಾವಾಗಲೂ ಕಿರಿಕಿರಿ.

ಇನ್ನು ಪಕ್ಷ ಬದಲಿಸಿದ ಪ್ರಶ್ನೆ. ನಿಮ್ಮ ಶಾಸಕರು ಎಷ್ಟು ಪಕ್ಷ ಕಂಡಿದ್ದಾರೆ ಅಂತ ನೀವು ಬರೆದಿಲ್ಲ. ಒಂದಕ್ಕಿಂತ ಜಾಸ್ತಿ ಇದ್ದರೆ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಜನತಾ ಪರಿವಾರದವರ ವಿಷಯದಲ್ಲಿ ಸ್ವಲ್ಪ ಸಹನೆ ಇರಲಿ. ಜನತಾ ಪಕ್ಷ ಹೋಗಿ ಜನತಾದಳ ಆಯಿತು. ಅದು 1999ರಲ್ಲಿ ಒಡೆದು ಜೆಡಿಎಸ್, ಜೆಡಿಯು ಆಯಿತು. ಅಲ್ಲಿ ಎಷ್ಟೋ ಜನ ಪಕ್ಷ ಬಿಟ್ಟಿದ್ದಕ್ಕಿಂತ, ಪಕ್ಷವೇ ಅವರ ಕಾಲಡಿಯಿಂದ ಸರಿದದ್ದು ಹೆಚ್ಚು. ಹಳಿಯಾಳದ ಆರ್.ವಿ. ದೇಶಪಾಂಡೆಯವರು ಪಟೇಲರ ಜನತಾದಳ ಸರ್ಕಾರದಲ್ಲಿ ಕೈಗಾರಿಕಾ ಮಂತ್ರಿ, ಆಮೇಲೆ ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರದಲ್ಲೂ ಮಂತ್ರಿ. 1983ರಿಂದ ಸತತ ಆರು ಗೆದ್ದು, 2008ರಲ್ಲಿ ಸೋತು, 2013ರಿಂದ ಮತ್ತೆ ಮೂರು ಗೆದ್ದರು. ಒಟ್ಟು ಒಂಬತ್ತು. 2023ರಲ್ಲಿ ಹೊಸ ಸದಸ್ಯರಿಗೆ ಪ್ರಮಾಣ ವಚನ ಬೋಧಿಸಲು ಹಂಗಾಮಿ ಸಭಾಧ್ಯಕ್ಷರಾದವರೂ ಅವರೇ. ಹಳಬರಿಗೆ ಸಿಗುವ ಗೌರವ ಅದು.

ಪಕ್ಷಾಂತರ ನೋಡುವಾಗ ನಾನು ನೋಡುವುದು ತಾರೀಖುಗಳನ್ನು. ಯಾವತ್ತು ರಾಜೀನಾಮೆ ಕೊಟ್ಟರು, ಎಷ್ಟು ವಾರಕ್ಕೆ ಮಂತ್ರಿಯಾದರು ಅಥವಾ ನಿಗಮ-ಮಂಡಳಿ ಸಿಕ್ಕಿತು? ಕಾನೂನಿನ ಹಿನ್ನೆಲೆಯೂ ಬೇಕು. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ. ಆಗ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೋದರೆ ‘ವಿಭಜನೆ’ ಅಂತ ಬಚಾವಾಗಬಹುದಿತ್ತು. 2003ರ ತಿದ್ದುಪಡಿ ಆ ದಾರಿ ಮುಚ್ಚಿತು. ಅದೇ ತಿದ್ದುಪಡಿ ಸಂಪುಟದ ಗಾತ್ರಕ್ಕೂ ಶೇ 15ರ ಮಿತಿ ಹಾಕಿತು. 224 ಸದಸ್ಯರ ನಮ್ಮ ಸಭೆಯಲ್ಲಿ ಮುಖ್ಯಮಂತ್ರಿ ಸೇರಿ 34. ಆರೇಳು ಸಲ ಗೆದ್ದರೂ ಮಂತ್ರಿಗಿರಿ ಸಿಗದೆ ಮುನಿಸಿಕೊಳ್ಳುವವರು ಜಾಸ್ತಿ ಆದದ್ದು ಆಮೇಲೆ. ವಿಭಜನೆ ದಾರಿ ಮುಚ್ಚಿದ್ದರಿಂದ ರಾಜೀನಾಮೆ ದಾರಿ ತೆರೆಯಿತು: ಎದುರು ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ಬಿಜೆಪಿಗೆ ಸೇರಿಸಿಕೊಂಡ 2008ರ ‘ಆಪರೇಷನ್ ಕಮಲ’, 2019ರಲ್ಲಿ 17 ಶಾಸಕರ ಅನರ್ಹತೆ. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿ ಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಬಹುದು ಅಂತಲೂ ಹೇಳಿತು. ಅದೇ ಡಿಸೆಂಬರ್‌ನಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ ಆಗಿ, ಅನರ್ಹರಾದವರಲ್ಲಿ ಬಹುಪಾಲು ಜನ ಬಿಜೆಪಿಯಿಂದ ನಿಂತರು, 12ರಲ್ಲಿ ಬಿಜೆಪಿ ಗೆದ್ದಿತು. ಮತದಾರರು ಪಕ್ಷಾಂತರವನ್ನು ಶಿಕ್ಷಿಸುತ್ತಾರೆ ಅನ್ನುವ ನಂಬಿಕೆ ನಿಮಗಿದ್ದರೆ, ಈ ಅಂಕಿ ನೋಡಿ ಸ್ವಲ್ಪ ಯೋಚಿಸಿ.

ಕ್ಷೇತ್ರ ಪುನರ್ವಿಂಗಡಣೆ ಮರೆಯಬೇಡಿ. 2008ರ ಚುನಾವಣೆ ಹೊಸ ಗಡಿಗಳ ಮೇಲೆ ನಡೆಯಿತು. ಗುರುಮಠಕಲ್ ಮೀಸಲಿನಿಂದ ಸಾಮಾನ್ಯ ಆಯಿತು, ಅದಕ್ಕೇ ಖರ್ಗೆ ಚಿತ್ತಾಪುರಕ್ಕೆ ಹೋದದ್ದು. ವರುಣಾ ಹೊಸದಾಗಿ ಹುಟ್ಟಿತು, ಸಿದ್ದರಾಮಯ್ಯ ಚಾಮುಂಡೇಶ್ವರಿ ಬಿಟ್ಟು ಅಲ್ಲಿಗೆ ಹೋದರು. ಸಂತೇಮರಹಳ್ಳಿಯಂಥ ಕ್ಷೇತ್ರಗಳು ನಕ್ಷೆಯಿಂದಲೇ ಮಾಯವಾದವು. ನಿಮ್ಮ ಶಾಸಕರು 2008ಕ್ಕೆ ಮುಂಚೆ, ನಂತರ ಎರಡೂ ಕಡೆ ಗೆದ್ದಿದ್ದರೆ, ಹೆಸರು ಒಂದೇ ಆಗಿದ್ದರೂ ಕ್ಷೇತ್ರ ಒಂದೇ ಅಲ್ಲ. ಯಾವ ಹೋಬಳಿ ಹೋಯಿತು, ಯಾವುದು ಬಂತು ಅಂತ ಒಂದು ಸಾಲು ಬರೆಯಿರಿ.

ಅವರ ಸೋಲಿನ ಬಗ್ಗೆ ಬರೆಯಲೇಬೇಕು. ಎಷ್ಟು ಮತದ ಅಂತರ ಅನ್ನುವುದಕ್ಕಿಂತ ಶೇಕಡಾ ಎಷ್ಟು ಮತ ಬಂತು ಅನ್ನುವುದು ಮುಖ್ಯ. ಮೂರು ಪಕ್ಷಗಳ ಪೈಪೋಟಿಯಲ್ಲಿ ಶೇ 35 ಮತ ತಗೊಂಡು ಗೆಲ್ಲಬಹುದು, ಶೇ 45 ತಗೊಂಡು ಸೋಲಲೂಬಹುದು. ಕೂದಲೆಳೆಯ ಸೋಲು ಗೆಲುವಿಗೆ ಕಾರಣ ಹುಡುಕುತ್ತಾ ಕೂರಬೇಡಿ. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ಮತದಿಂದ, ಆರ್. ಧ್ರುವನಾರಾಯಣ ಎದುರು. ಮತ್ತೆ ಅವರು ವಿಧಾನಸಭೆ ಮೆಟ್ಟಿಲು ಹತ್ತಿದ್ದು 2023ರಲ್ಲಿ, ಕೊಳ್ಳೇಗಾಲದಿಂದ. ಸಿದ್ದರಾಮಯ್ಯ 2006ರ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಗೆದ್ದದ್ದು 257 ಮತದಿಂದ. ಆ 257 ಆಚೆ ಬಿದ್ದಿದ್ದರೆ ರಾಜ್ಯದ ಮುಂದಿನ ರಾಜಕೀಯವೇ ಬೇರೆ ಆಗಿರುತ್ತಿತ್ತೋ ಏನೋ. 2018ರಲ್ಲಿ ಅದೇ ಚಾಮುಂಡೇಶ್ವರಿಯಲ್ಲಿ ಹಾಲಿ ಮುಖ್ಯಮಂತ್ರಿಯಾಗಿ 36,000ಕ್ಕೂ ಜಾಸ್ತಿ ಮತಗಳಿಂದ ಸೋತರು. ಅದಕ್ಕೆ ಮಾತ್ರ ಕಾರಣ ಹುಡುಕಬೇಕು. ಅಂಥ ಸೋಲು ಏನೋ ಹೇಳುತ್ತಿರುತ್ತದೆ. ಹಾಗಂತ ದೊಡ್ಡವರ ಸೋಲೆಲ್ಲ ಹಾಗಲ್ಲ: ಜೇವರ್ಗಿಯಲ್ಲಿ 1978ರಿಂದ ಸತತ ಏಳು ಸಲ ಗೆದ್ದು ಮುಖ್ಯಮಂತ್ರಿಯೂ ಆದ ಧರ್ಮಸಿಂಗ್ 2008ರಲ್ಲಿ ಸೋತದ್ದು ಕೂದಲೆಳೆಯಲ್ಲಿ.

ನಿಮ್ಮ ಶಾಸಕರು ವಿಧಾನ ಪರಿಷತ್ತಿನವರಾಗಿದ್ದರೆ ಈ ಲೆಕ್ಕ ಪೂರ್ತಿ ಬದಲಾಗುತ್ತಿತ್ತು. ಬಸವರಾಜ ಹೊರಟ್ಟಿಯವರು 1980ರಿಂದ 2022ರವರೆಗೆ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಸತತ ಎಂಟು ಸಲ ಗೆದ್ದರು, ಕೊನೆಯದು ಮಾತ್ರ ಬಿಜೆಪಿಯಿಂದ. ಅಲ್ಲಿ ಮತದಾರರೆಲ್ಲ ಶಿಕ್ಷಕರು, ಅವಧಿ ಆರು ವರ್ಷ, ಸಭೆ ವಿಸರ್ಜನೆ ಆಗುವುದಿಲ್ಲ. ಪಿಂಚಣಿ, ವರ್ಗಾವಣೆ, ಅನುದಾನಿತ ಶಾಲೆ ಇವೇ ಜೀವಾಳ. ನೀವು ಮೇಷ್ಟ್ರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಅಭಿವೃದ್ಧಿ’ಗೆ ಬರೋಣ. ಕರಪತ್ರದಲ್ಲಿ ಕೋಟಿಗಳ ಪಟ್ಟಿ ಇರುತ್ತದೆ. ಅದನ್ನು ಬದಿಗಿಡಿ. ರಸ್ತೆ, ಹಾಸ್ಟೆಲ್, ಆಸ್ಪತ್ರೆ ಕೇಂದ್ರದ್ದೋ ರಾಜ್ಯದ್ದೋ ಯೋಜನೆಯಲ್ಲಿ ಎಲ್ಲ ತಾಲ್ಲೂಕಿಗೂ ಬಂದಿರುತ್ತದೆ. ನಿಮ್ಮವರ ಕೈಚಳಕ ಎಷ್ಟು ಅಂತ ತಿಳಿಯಲು ಪಕ್ಕದ ತಾಲ್ಲೂಕಿನ ಜೊತೆ ಹೋಲಿಸಬೇಕು. ಅದಕ್ಕೆ ಒಂದು ಒಳ್ಳೆಯ ಅಳತೆಗೋಲು ಇದೆ, 2002ರ ಡಿ.ಎಂ. ನಂಜುಂಡಪ್ಪ ವರದಿ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಅದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ನಿಮ್ಮ ತಾಲ್ಲೂಕು ಯಾವ ಸಾಲಿನಲ್ಲಿತ್ತು? 2001 ಮತ್ತು 2011ರ ಜನಗಣತಿಯಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ನಿಮ್ಮಲ್ಲಿ ಎಷ್ಟು ಏರಿತು, ಪಕ್ಕದಲ್ಲಿ ಎಷ್ಟು? ನಿಮ್ಮ ತಾಲ್ಲೂಕು ಪಕ್ಕದ್ದಕ್ಕಿಂತ ಬೇಗ ಮೇಲೆ ಬಂದಿದ್ದರೆ ಅವರಿಗೆ ಅದರ ಪಾಲು ಕೊಡಿ. ಸಮಸಮ ಇದ್ದರೆ ‘ಹರಿಕಾರ’ ಅನ್ನುವ ಪದವನ್ನು ಬೇರೆಯವರ ಲೇಖನಕ್ಕೆ ಬಿಟ್ಟುಕೊಡಿ.

ಆಸ್ತಿ ಪ್ರಮಾಣಪತ್ರಗಳು ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಸುಪ್ರೀಂ ಕೋರ್ಟ್ ಆದೇಶದಿಂದ 2003ರ ನಂತರ ಎಲ್ಲ ಅಭ್ಯರ್ಥಿಗಳೂ ಸಲ್ಲಿಸಬೇಕು. ಮೊತ್ತ ಏರಿದ್ದನ್ನಷ್ಟೇ ನೋಡಿದರೆ ದಾರಿ ತಪ್ಪುತ್ತೀರಿ. ಪಿತ್ರಾರ್ಜಿತ ಜಮೀನಿನ ಬೆಲೆ ತಾನಾಗಿಯೇ ಏರಿರುತ್ತದೆ. ಹೊಸದಾಗಿ ಖರೀದಿ ಆದದ್ದು ಯಾವುದು, ಯಾರ ಹೆಸರಲ್ಲಿ ಅಂತ ನೋಡಿ. ಪ್ರಕರಣಗಳಲ್ಲೂ ಚಳವಳಿಯ ಕೇಸು ಬೇರೆ, ವಂಚನೆಯ ಕೇಸು ಬೇರೆ. ಅಭಿನಂದನ ಗ್ರಂಥದಲ್ಲಿ ಇದನ್ನು ಹಾಕಲು ಬಿಡುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೂ ಓದಿಕೊಂಡಿರಿ. ನಿಮ್ಮ ವಾಕ್ಯಗಳ ಧಾಟಿ ತಾನಾಗಿಯೇ ಹತೋಟಿಗೆ ಬರುತ್ತದೆ.

ವಾರಸಿಕೆ ಬಗ್ಗೆ ಕೇಳುತ್ತೀರಿ ಅಂತ ಅನಿಸುತ್ತದೆ, ಮಗನೋ ಮಗಳೋ ಆಗಲೇ ಬ್ಯಾನರಿನಲ್ಲಿ ಕಾಣುತ್ತಿರಬೇಕು. ಹಳೆಯ ಶಾಸಕರ ಮತ ಕುಟುಂಬಕ್ಕೆ ಸಲೀಸಾಗಿ ಹೋಗುತ್ತದೆ ಅಂತ ತಿಳಿಯಬೇಡಿ. ಖರ್ಗೆ ಲೋಕಸಭೆಗೆ ಹೋದ ಮೇಲೆ 2009ರ ಚಿತ್ತಾಪುರ ಉಪಚುನಾವಣೆಯಲ್ಲಿ ಅವರ ಮಗ ಪ್ರಿಯಾಂಕ್ ಖರ್ಗೆ ಸೋತರು. 2013ರಲ್ಲಿ ಗೆದ್ದ ಮೇಲೆಯೇ ಅದು ಅವರ ಕ್ಷೇತ್ರ ಆದದ್ದು. ಕೇರಳದ ಪಾಲಾದಲ್ಲಿ ಕೆ.ಎಂ. ಮಾಣಿ 1965ರಿಂದ 2019ರಲ್ಲಿ ತೀರಿಕೊಳ್ಳುವವರೆಗೆ ಒಮ್ಮೆಯೂ ಸೋಲಲಿಲ್ಲ. ಅವರ ನಂತರದ ಮೊದಲ ಉಪಚುನಾವಣೆಯಲ್ಲೇ ಅವರ ಪಕ್ಷಕ್ಕೆ ಪಾಲಾ ತಪ್ಪಿತು. ಮಹಾರಾಷ್ಟ್ರದ ಸಾಂಗೋಲಾದಲ್ಲಿ ಗಣಪತರಾವ್ ದೇಶಮುಖ್ ಶೇತ್ಕರಿ ಕಾಮಗಾರ್ ಪಕ್ಷ ಅನ್ನುವ ಸಣ್ಣ ಪಕ್ಷದಿಂದಲೇ 11 ಸಲ ಗೆದ್ದರು, ನಡುವೆ ಸೋತರೂ ಅದೇ ಪಕ್ಷದಲ್ಲಿ ಉಳಿದರು. ಇಂಥವರ ಮತಗಳಲ್ಲಿ ಪಕ್ಷದ್ದೆಷ್ಟು, ಮನುಷ್ಯನದ್ದೆಷ್ಟು ಅಂತ ಅವರು ಹೋದ ಮೇಲೆಯೇ ಗೊತ್ತಾಗುವುದು.

ಶಾಸಕರನ್ನು ಭೇಟಿಯಾದಾಗ ‘ನಿಮ್ಮ ದೊಡ್ಡ ಸಾಧನೆ ಯಾವುದು’ ಅಂತ ಕೇಳಬೇಡಿ. ಅದಕ್ಕೆ ಉತ್ತರ ಆಗಲೇ ಅಚ್ಚಾಗಿದೆ. ಹೀಗೆ ಕೇಳಿ: ಎದುರು ಪಕ್ಷದ ಯಾವ ಮಂತ್ರಿ ನಿಮ್ಮ ಕೆಲಸ ಮಾಡಿಕೊಟ್ಟರು, ಯಾಕೆ? ನಿಮ್ಮ ಪಕ್ಷದ ಯಾವ ಮಂತ್ರಿ ಮಾಡಿಕೊಡಲಿಲ್ಲ? ಸೋತ ಐದು ವರ್ಷ ಬೆಳಿಗ್ಗೆ ಮನೆ ಮುಂದೆ ಎಷ್ಟು ಜನ ಇರುತ್ತಿದ್ದರು? ಯಾವ ವಿಧೇಯಕಕ್ಕೆ ಮನಸ್ಸಿಲ್ಲದೆ ಕೈ ಎತ್ತಿದಿರಿ? ಹಳೆಯ ರಾಜಕಾರಣಿಗಳು ಇಂಥ ಪ್ರಶ್ನೆಗೆ ಖುಷಿಯಿಂದ ಮಾತಾಡುತ್ತಾರೆ. ಹೊಗಳಿಕೆ ಕೇಳಿ ಕೇಳಿ ಅವರಿಗೂ ಸಾಕಾಗಿರುತ್ತದೆ. ಅವರ ಹಳೆಯ ಆಪ್ತ ಸಹಾಯಕರನ್ನೂ, ಅವರ ಎದುರು ಸೋತ ಅಭ್ಯರ್ಥಿಯನ್ನೂ ಮಾತಾಡಿಸಿ. ಸೋತವರಿಗೆ ಗೊತ್ತಿರುವಷ್ಟು ಗೆದ್ದವರ ಬಲ ಬೇರೆಯವರಿಗೆ ಗೊತ್ತಿರುವುದಿಲ್ಲ.

ಸಂಪಾದಕ ಮಂಡಳಿಯವರು ಸೋಲಿನ ಪ್ಯಾರಾ ತೆಗೆಯಿರಿ ಅಂದೇ ಅನ್ನುತ್ತಾರೆ. ಜಗಳ ಆಡಬೇಡಿ. ಲೇಖನದ ಕೊನೆಗೆ ‘ಸ್ಪರ್ಧಿಸಿದ ಚುನಾವಣೆಗಳು’ ಅಂತ ಒಂದು ಕೋಷ್ಟಕ ಹಾಕಿ. ಇಸವಿ, ಕ್ಷೇತ್ರ, ಪಕ್ಷ, ಪಡೆದ ಮತದ ಶೇಕಡಾ, ರಾಜ್ಯದಲ್ಲಿ ಯಾರ ಸರ್ಕಾರ ಬಂತು: ಐದು ಕಾಲಂ, ಏಳು ಸಾಲು. ಚುನಾವಣಾ ಆಯೋಗದ ಅಂಕಿ ಅಂತ ಹೇಳಿದರೆ ಯಾರೂ ಮುಟ್ಟುವುದಿಲ್ಲ. ಇವತ್ತೇ ಆ ಕೋಷ್ಟಕದಿಂದ ಶುರು ಮಾಡಿ. ಬಗರ್ ಹುಕುಂ ನಡವಳಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಈ ವಾರವೇ ಹಾಕಿಬಿಡಿ, ಉತ್ತರಕ್ಕೆ 30 ದಿನ ಹಿಡಿಯುತ್ತದೆ.